ನೆಲದ ಮೇಲೆ ನಡೆಯಲು ಕಲಿತ ಹುಡುಗಿ

ಹನ್ನೊಂದು ವರ್ಷದ ಹುಡುಗಿಯೊಬ್ಬಳು ಹೊಲದ ಅಂಚಿನಲ್ಲಿ ನಡೆಯುವುದನ್ನು ಕಲಿಯುತ್ತಿದ್ದಳು. ಕಾಲಿನಲ್ಲಿ ಊನವಿರಲಿಲ್ಲ, ಕಾಯಿಲೆ ಬಿದ್ದು ಎದ್ದವಳೂ ಅಲ್ಲ. ಬುದ್ಧಿ ಬಂದಾಗಿನಿಂದ ಆಕೆ ನಡೆದದ್ದೆಲ್ಲ ಮನೆಯೊಳಗಿನ ಹಲಗೆಯ ನೆಲದ ಮೇಲೆ ಮಾತ್ರ. ಎಲ್ಲಿ ತಗ್ಗು, ಎಲ್ಲಿ ದಿಣ್ಣೆ ಎಂದು ನೋಡಿ ಹೆಜ್ಜೆ ಇಡುವುದು ಅವಳ ಕಣ್ಣಿಗೇ ಗೊತ್ತಿರಲಿಲ್ಲ. ಹುಲ್ಲು, ಗಿಡ, ಕಾಡು ಎಲ್ಲವೂ ಹೊಸತು. ಇದು 1875ರ ಮಾತು. ಊರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಬಳಿಯ ಹಳ್ಳಿ. ಹುಡುಗಿ ಮೇರಿ ಎಲೆನ್ ವಿಲ್ಸನ್.

ಮಕ್ಕಳ ಮೇಲಿನ ದೌರ್ಜನ್ಯದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಈ ಹೆಸರಿನಿಂದಲೇ ಆರಂಭಿಸುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಕೋರ್ಟಿನ ಕಥೆ ಹೇಳಿ ನಿಲ್ಲಿಸಿಬಿಡುತ್ತಾರೆ. ಕೋರ್ಟು ಬಿಡಿಸಿದ ಮೇಲೆ ಆ ಮಗು ಏನಾಯಿತು, ಹೇಗೆ ಮನುಷ್ಯರನ್ನು ಮತ್ತೆ ನಂಬಿತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಇಂದು ಹಲವು ದೇಶಗಳಲ್ಲಿ ಪೆಟ್ಟು ತಿಂದ ಮಕ್ಕಳನ್ನು ತೋಟಕ್ಕೆ, ಕೊಟ್ಟಿಗೆಗೆ ಕರೆದೊಯ್ದು ಚೇತರಿಸಿಕೊಳ್ಳುವಂತೆ ಮಾಡುವ ಪ್ರಯತ್ನಗಳು ನಡೆದಿವೆ. ಅವುಗಳ ಹಿಂದಿನ ತಿಳಿವಳಿಕೆ ಮೇರಿ ಎಲೆನ್ ಬದುಕಿನಲ್ಲಿಯೇ ಇತ್ತು. ಅದನ್ನು ಗುರುತಿಸಲು ವೈದ್ಯರಿಗೆ ಸುಮಾರು ತೊಂಬತ್ತು ವರ್ಷ ಬೇಕಾಯಿತು ಅಷ್ಟೆ.

ಮೇರಿ ಎಲೆನ್ ಹುಟ್ಟಿದ್ದು 1864ರಲ್ಲಿ. ತಂದೆ ಅಂತರ್ಯುದ್ಧದಲ್ಲಿ ಸತ್ತ ಸೈನಿಕ. ದುಡಿಯಲು ಹೋಗಬೇಕಾದ ತಾಯಿ ಮಗುವನ್ನು ಹಣ ಕೊಟ್ಟು ಬೇರೊಬ್ಬ ಹೆಂಗಸಿನ ಬಳಿ ಬಿಟ್ಟಳು. ಹಣ ಬರುವುದು ನಿಂತಾಗ ಆ ಹೆಂಗಸು ಮಗುವನ್ನು ನಗರದ ಧರ್ಮಾದಾಯ ಇಲಾಖೆಗೆ ಒಪ್ಪಿಸಿದಳು. ಇಲಾಖೆ ಅದನ್ನು ಒಂದು ದಂಪತಿಗೆ ಕರಾರುಪತ್ರ ಬರೆಸಿಕೊಂಡು ಕೊಟ್ಟಿತು. ಗಂಡ ತೀರಿಕೊಂಡ, ಹೆಂಡತಿ ಮರುಮದುವೆಯಾಗಿ ಮೇರಿ ಕಾನೊಲಿ ಎನಿಸಿಕೊಂಡಳು. ಹೀಗೆ ಕೈಯಿಂದ ಕೈಗೆ ದಾಟಿದ ಮಗು ನ್ಯೂಯಾರ್ಕಿನ 41ನೇ ಬೀದಿಯ ಬಾಡಿಗೆ ವಠಾರವೊಂದರಲ್ಲಿ ಬಂದಿಯಾಯಿತು. ದಿನವೂ ಚಾಟಿಯ ಪೆಟ್ಟು. ಹೊರಗೆ ಕಾಲಿಡುವಂತಿಲ್ಲ, ಬಿಟ್ಟರೂ ರಾತ್ರಿ ಹೊತ್ತು ಹಿತ್ತಲಿಗೆ ಮಾತ್ರ. ತನ್ನ ವಯಸ್ಸೆಷ್ಟು ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಅಕ್ಕಪಕ್ಕದವರಿಗೆ ಅಳು ಕೇಳಿಸುತ್ತಿತ್ತು. ಆ ಬೀದಿಗಳಲ್ಲಿ ಬಡವರ ಮನೆಗಳಿಗೆ ಹೋಗಿ ಬರುತ್ತಿದ್ದ ಎಟ್ಟಾ ವೀಲರ್ ಎಂಬ ಸೇವಾಕಾರ್ಯಕರ್ತೆಗೆ 1873ರ ಕೊನೆಯಲ್ಲಿ ವಿಷಯ ತಿಳಿಯಿತು. ನೆರೆಮನೆಯ ರೋಗಿಗೆ ನೆರವು ಕೇಳುವ ನೆಪ ಮಾಡಿಕೊಂಡು ಆಕೆ ಒಳಗೆ ಹೋದಳು. ಡಿಸೆಂಬರ್ ಚಳಿಯಲ್ಲಿ ತೆಳುಬಟ್ಟೆಯ ಮಗು ಪಾತ್ರೆ ತೊಳೆಯುತ್ತಿತ್ತು. ಮೇಜಿನ ಮೇಲೆ ಚಾಟಿ ಬಿದ್ದಿತ್ತು. ಪೊಲೀಸರು ಸಾಕ್ಷ್ಯ ಕೇಳಿದರು. ಧರ್ಮಸಂಸ್ಥೆಗಳು ಮಗುವನ್ನು ಕಾನೂನುಬದ್ಧವಾಗಿ ತಂದುಕೊಟ್ಟರೆ ಇಟ್ಟುಕೊಳ್ಳುತ್ತೇವೆ ಎಂದವು. ತಂದುಕೊಡುವವರು ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. ಕಡೆಗೆ ವೀಲರ್ ಹೆನ್ರಿ ಬರ್ಗ್ ಅವರ ಬಾಗಿಲು ತಟ್ಟಿದಳು. ಬರ್ಗ್ 1866ರಲ್ಲಿ ಅಮೆರಿಕದ ಪ್ರಾಣಿದಯಾ ಸಂಘವನ್ನು ಕಟ್ಟಿದವರು. ಗಾಡಿ ಕುದುರೆಗೆ ಹೊಡೆದವರನ್ನು ನಡುಬೀದಿಯಲ್ಲೇ ತಡೆದು ನಿಲ್ಲಿಸುತ್ತಿದ್ದ ಮನುಷ್ಯ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ಮಗುವೂ ಒಂದು ಪ್ರಾಣಿಯೇ ಎಂದು ವಾದಿಸಿ, ಪ್ರಾಣಿಹಿಂಸೆಯ ಕಾಯ್ದೆಯಡಿಯಲ್ಲಿ ಅವಳನ್ನು ಬಿಡಿಸಲಾಯಿತು ಎಂಬ ಕಥೆ ಲೋಕವೆಲ್ಲ ಹರಡಿದೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಬರ್ಗ್ ಈ ಪ್ರಕರಣದಲ್ಲಿ ತಾನು ಸಂಘದ ಅಧ್ಯಕ್ಷನಾಗಿ ಅಲ್ಲ, ಒಬ್ಬ ನಾಗರಿಕನಾಗಿ ನಿಂತಿದ್ದೇನೆ ಎಂದು ಸ್ಪಷ್ಟಪಡಿಸಿದ್ದರು. ಅವರ ವಕೀಲ ಎಲ್ಬ್ರಿಜ್ ಗೆರಿ ಆಧಾರವಾಗಿ ಹಿಡಿದದ್ದು ಹೇಬಿಯಸ್ ಕಾರ್ಪಸ್ ಕಾನೂನಿನ ಒಂದು ಕಲಮನ್ನು. 1874ರ ಏಪ್ರಿಲ್ 9ರಂದು ನ್ಯಾಯಾಧೀಶ ಅಬ್ರಹಾಂ ಲಾರೆನ್ಸ್ ಅವರ ಮುಂದೆ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಂದರು. ಮುಂದೆ ಬಡವರ ಬದುಕಿನ ಚಿತ್ರಗಳಿಂದ ಹೆಸರಾದ ಜೇಕಬ್ ರೀಸ್ ಅಂದು ಅಲ್ಲಿದ್ದ ವರದಿಗಾರರಲ್ಲಿ ಒಬ್ಬರು. ಹಣೆಯಿಂದ ಕೆನ್ನೆಯವರೆಗೆ ಕತ್ತರಿಯ ಗಾಯ ಇನ್ನೂ ಹಸಿಯಾಗಿತ್ತು. ತನಗೆ ಯಾರೂ ಎಂದೂ ಮುತ್ತು ಕೊಟ್ಟಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡಿಲ್ಲ ಎಂದು ಮಗು ಹೇಳಿಕೆ ಕೊಟ್ಟಿತು. ಕಾನೊಲಿಗೆ ಒಂದು ವರ್ಷ ಶಿಕ್ಷೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬರ್ಗ್ ಮತ್ತು ಗೆರಿ ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘವನ್ನು ಹುಟ್ಟುಹಾಕಿದರು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು.

ಪ್ರಾಣಿಗೆ ಮೊದಲು, ಮಗುವಿಗೆ ಆಮೇಲೆ ಎಂದು ಅಮೆರಿಕದವರನ್ನು ನೋಡಿ ನಗುವ ಹಾಗಿಲ್ಲ. ಕಲ್ಕತ್ತದಲ್ಲಿ ಪ್ರಾಣಿದಯಾ ಸಂಘ ಹುಟ್ಟಿದ್ದು ಬರ್ಗ್ ಅವರ ಸಂಘಕ್ಕಿಂತ ಐದು ವರ್ಷ ಮೊದಲು, 1861ರಲ್ಲಿ. ಭಾರತದಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದದ್ದು 1890ರಲ್ಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆಂದೇ ಪ್ರತ್ಯೇಕವಾದ ‘ಪೋಕ್ಸೊ’ ಕಾಯ್ದೆ ಬಂದದ್ದು 2012ರಲ್ಲಿ.

ಇನ್ನು ಬಿಡುಗಡೆಯಾದ ಮಗುವಿನ ಕಥೆ. ಮೇರಿ ಎಲೆನ್‌ಳನ್ನು ಮೊದಲು ಕಳಿಸಿದ್ದು ಒಂದು ಆಶ್ರಯಧಾಮಕ್ಕೆ. ಅಲ್ಲಿ ದೊಡ್ಡ ಹುಡುಗಿಯರ ನಡುವೆ ಅವಳನ್ನು ಬಿಡುವುದು ವೀಲರ್‌ಗೆ ಸರಿಕಾಣಲಿಲ್ಲ. ಮಗುವನ್ನು ತನಗೇ ಒಪ್ಪಿಸುವಂತೆ ನ್ಯಾಯಾಧೀಶರನ್ನು ಕೇಳಿಕೊಂಡು, ರಾಚೆಸ್ಟರ್ ಸಮೀಪದ ತನ್ನ ತವರಿಗೆ, ತಾಯಿ ಸ್ಯಾಲಿ ಏಂಜೆಲ್ ಬಳಿಗೆ ಕರೆದೊಯ್ದಳು. ನೆಲದ ಮೇಲೆ ನಡೆಯಲು ಕಲಿತ ಆ ಸಂಗತಿಯನ್ನು ನಂತರ ಬರೆದಿಟ್ಟವಳು ವೀಲರ್ ಒಬ್ಬಳೇ. ಹುಡುಗಿ ಅಲ್ಲಿ ಉಳಿದ ಮಕ್ಕಳೊಂದಿಗೆ ಆಡುವುದನ್ನು ಕಲಿತಳು, ಶಾಲೆಗೆ ಹೋದಳು. ಕೆಲವೇ ತಿಂಗಳಲ್ಲಿ ಆ ಅಜ್ಜಿ ಕ್ಷಯದಿಂದ ತೀರಿಕೊಂಡಳು. ಸಾಯುವ ಮುನ್ನ, ಈ ಹುಡುಗಿಯನ್ನು ನೀನು ಸಾಕಬೇಕು ಎಂದು ಇನ್ನೊಬ್ಬ ಮಗಳಿಗೆ ಹೇಳಿದ್ದಳು. ಆಕೆ ಮತ್ತು ಆಕೆಯ ಗಂಡ ಮಾತು ಉಳಿಸಿಕೊಂಡರು. ಹೀಗೆ ಎರಡನೆಯ ಸಲ ಆಸರೆ ತಪ್ಪಬಹುದಾಗಿದ್ದ ಹುಡುಗಿ ಅದೇ ಕುಟುಂಬದಲ್ಲಿ ಬೆಳೆದಳು. 24ನೇ ವಯಸ್ಸಿನಲ್ಲಿ ಮದುವೆಯಾದಳು. ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯಳಿಗೆ ಎಟ್ಟಾ ಎಂದು ಹೆಸರಿಟ್ಟಳು. ತಾಯಿಯಿಲ್ಲದ ಇನ್ನೊಂದು ಹುಡುಗಿಯನ್ನೂ ಸಾಕಿದಳು. ಸತ್ತದ್ದು 1956ರಲ್ಲಿ, 92ರ ವಯಸ್ಸಿನಲ್ಲಿ.

ಇಷ್ಟು ಓದಿದವರಿಗೆ, ಹಾಗಾದರೆ ಹಳ್ಳಿಯ ಗಾಳಿ, ಹೊಲದ ಕೆಲಸ ಎಲ್ಲವನ್ನೂ ಗುಣಪಡಿಸುತ್ತದೆ ಎನ್ನಿಸಬಹುದು. ಆ ಕಾಲದ ನ್ಯೂಯಾರ್ಕಿನ ದೊಡ್ಡವರಿಗೂ ಹಾಗೇ ಅನ್ನಿಸಿತ್ತು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಪಾದ್ರಿ ಕಟ್ಟಿದ ಮಕ್ಕಳ ನೆರವಿನ ಸಂಸ್ಥೆ 1854ರಿಂದ ನಗರದ ಅನಾಥ, ನಿರ್ಗತಿಕ ಮಕ್ಕಳನ್ನು ರೈಲು ಹತ್ತಿಸಿ ಮಧ್ಯ ಅಮೆರಿಕದ ರೈತ ಕುಟುಂಬಗಳಿಗೆ ಕಳಿಸತೊಡಗಿತು. ಬೇರೆ ಸಂಸ್ಥೆಗಳೂ ಕೈಜೋಡಿಸಿದವು. 1929ರವರೆಗೆ ಹೀಗೆ ಹೋದ ಮಕ್ಕಳು ಸುಮಾರು ಎರಡು ಲಕ್ಷ. ರೈಲು ನಿಂತ ಊರಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಬೇಕಾದವರು ಬಂದು ಆರಿಸಿಕೊಳ್ಳುತ್ತಿದ್ದರು. ಕೆಲವರು ತೋಳು ಮುಟ್ಟಿ ಶಕ್ತಿ ಎಷ್ಟಿದೆ ಎಂದು ನೋಡುತ್ತಿದ್ದರಂತೆ. ಒಳ್ಳೆಯ ಮನೆ ಸಿಕ್ಕ ಮಕ್ಕಳು ಮನೆಮಕ್ಕಳಾಗಿ ಬೆಳೆದರು. ಉಳಿದವರು ಸಂಬಳವಿಲ್ಲದ ಆಳುಗಳಾದರು. ಹೊಲ ಅದೇ, ಹಸು ಅದೇ, ಮಣ್ಣೂ ಅದೇ. ಮೇರಿ ಎಲೆನ್‌ಗೂ ಈ ಮಕ್ಕಳಿಗೂ ಇದ್ದ ಅಂತರವೆಂದರೆ ಆ ಹೊಲದಲ್ಲಿ ಜೊತೆಗೆ ನಿಂತವರು ಯಾರು ಎಂಬುದು. ಚೇತರಿಸುವುದು ಮಣ್ಣಲ್ಲ, ಮಣ್ಣಿನಲ್ಲಿ ಕೂಡಿ ಕೆಲಸ ಮಾಡುವ ಮನುಷ್ಯ ಎಂಬುದು ಮುಂದೆ ಈ ಕ್ಷೇತ್ರದವರೆಲ್ಲ ಕಷ್ಟಪಟ್ಟು ಕಲಿತ ಪಾಠ.

ಹಳ್ಳಿಗೆ ಮಕ್ಕಳನ್ನು ಕಳಿಸುವ ಬದಲು ನಗರಕ್ಕೇ ಹೊಲ ತಂದವರು ಫ್ಯಾನಿ ಪಾರ್ಸನ್ಸ್. ಮೇರಿ ಎಲೆನ್ ಬಂದಿಯಾಗಿದ್ದ ವಠಾರದಿಂದ ಹತ್ತು ಹನ್ನೆರಡು ಬೀದಿ ಆಚೆ, ಡಿವಿಟ್ ಕ್ಲಿಂಟನ್ ಪಾರ್ಕ್‌ನಲ್ಲಿ, 1902ರಲ್ಲಿ ಅವರು ಮಕ್ಕಳ ಶಾಲಾತೋಟ ಆರಂಭಿಸಿದರು. ಬೀದಿಯಲ್ಲಿ ಬೆಳೆಯುತ್ತಿದ್ದ ಮಕ್ಕಳಿಗೆ ತಲಾ ಒಂದು ಪುಟ್ಟ ಪಾತಿ. ಬಿತ್ತುವುದು, ಕಳೆ ಕೀಳುವುದು, ಬೆಳೆದದ್ದನ್ನು ಮನೆಗೆ ಒಯ್ಯುವುದು ಎಲ್ಲವೂ ಅವರದೇ. ಪಾರ್ಸನ್ಸ್ ಉದ್ದೇಶ ಮಕ್ಕಳನ್ನು ಒಳ್ಳೆಯ ನಾಗರಿಕರನ್ನಾಗಿ ಮಾಡುವುದಾಗಿತ್ತೇ ಹೊರತು ಚಿಕಿತ್ಸೆಯಲ್ಲ. ಆದರೂ ಇದು ನನ್ನದು, ನಾನು ನೀರು ಹಾಕದಿದ್ದರೆ ಬಾಡುತ್ತದೆ ಎಂಬ ಭಾವ ಮಗುವಿನಲ್ಲಿ ಮೂಡಿಸುವ ಬದಲಾವಣೆಯನ್ನು ಅಲ್ಲಿ ಜನ ಕಣ್ಣಾರೆ ಕಂಡರು.

ಪ್ರಾಣಿಗಳ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ 1796ರಲ್ಲಿ ತೆರೆದ ಮನೋರೋಗಿಗಳ ಆಶ್ರಮದ ಅಂಗಳಗಳಲ್ಲಿ ಮೊಲ, ಕೋಳಿಗಳನ್ನು ಬಿಟ್ಟಿದ್ದರು. ಸರಪಳಿ ಹಾಕುವ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ಮಕ್ಕಳ ಮನೋವೈದ್ಯಕ್ಕೆ ಪ್ರಾಣಿ ಕಾಲಿಟ್ಟದ್ದು ಆಕಸ್ಮಿಕವಾಗಿ.

ಬೋರಿಸ್ ಲೆವಿನ್ಸನ್ ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ. 1950ರ ದಶಕದಲ್ಲಿ ಒಂದು ದಿನ ಅವರ ಕೋಣೆಗೆ ತಾಯಿಯೊಬ್ಬಳು ಮಗನನ್ನು ಹೇಳಿದ್ದಕ್ಕಿಂತ ಮುಂಚೆಯೇ ಕರೆತಂದಳು. ಬೇರೆಡೆ ಚಿಕಿತ್ಸೆ ಫಲಿಸದೆ, ಆಸ್ಪತ್ರೆಗೆ ಸೇರಿಸಿ ಎನ್ನಿಸಿಕೊಂಡಿದ್ದ ಹುಡುಗ ಅವನು. ಯಾರೊಂದಿಗೂ ಬೆರೆಯದೆ ತನ್ನೊಳಗೇ ಮುದುಡಿಕೊಂಡಿದ್ದ. ರೋಗಿಗಳು ಬರುವ ಹೊತ್ತಿಗೆ ನಾಯಿಯನ್ನು ಹೊರಗೆ ಕಳಿಸುವುದು ಲೆವಿನ್ಸನ್ ರೂಢಿ. ಅಂದು ಜಿಂಗಲ್ಸ್ ಎಂಬ ಆ ನಾಯಿ ಅಲ್ಲೇ ಮಲಗಿತ್ತು. ಓಡಿಬಂದು ಹುಡುಗನ ಮುಖ ನೆಕ್ಕಿತು. ಹುಡುಗ ಹೆದರಲಿಲ್ಲ, ತಬ್ಬಿಕೊಂಡ. ತಾಯಿ ಬಿಡಿಸಲು ಹೋದಾಗ ಲೆವಿನ್ಸನ್ ಸನ್ನೆ ಮಾಡಿ ತಡೆದರು. ಮುಂದಿನ ಹಲವು ಭೇಟಿಗಳಲ್ಲಿ ಹುಡುಗ ಮಾತಾಡಿದ್ದು ನಾಯಿಯೊಂದಿಗೆ ಮಾತ್ರ. ವೈದ್ಯರು ಅಲ್ಲಿದ್ದಾರೆ ಎಂಬುದೇ ಅವನ ಗಮನಕ್ಕೆ ಇಲ್ಲ. ನಿಧಾನವಾಗಿ ಆ ಆಟಕ್ಕೆ ಅವರನ್ನೂ ಸೇರಿಸಿಕೊಂಡ.

1961ರಲ್ಲಿ ಲೆವಿನ್ಸನ್ ಈ ಅನುಭವವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರ ಸಮಾವೇಶದಲ್ಲಿ ಮಂಡಿಸಿದಾಗ ಸಭಿಕರಲ್ಲಿ ಕೆಲವರು ನಕ್ಕರು. ಫೀಸಿನಲ್ಲಿ ನಾಯಿಗೂ ಪಾಲುಂಟೋ ಎಂದು ಕೇಳಿದರಂತೆ. ಲೆವಿನ್ಸನ್ ಎದೆಗುಂದಲಿಲ್ಲ. ಮರುವರ್ಷ ನಾಯಿಯನ್ನು ಸಹಚಿಕಿತ್ಸಕನೆಂದು ಕರೆದು ಲೇಖನ ಪ್ರಕಟಿಸಿದರು, 1969ರಲ್ಲಿ ಪುಸ್ತಕವನ್ನೇ ಬರೆದರು. ಅವರ ವಾದ ಸರಳ. ದೊಡ್ಡವರಿಂದ ನೊಂದ ಮಗುವಿಗೆ ವೈದ್ಯನೂ ಇನ್ನೊಬ್ಬ ದೊಡ್ಡವನೇ. ನಾಯಿ ಹಾಗಲ್ಲ. ಅದು ಪ್ರಶ್ನೆ ಕೇಳುವುದಿಲ್ಲ, ಬರೆದುಕೊಳ್ಳುವುದಿಲ್ಲ, ಸುಳ್ಳು ಹೇಳುತ್ತೀಯಾ ಎಂದು ಗದರಿಸುವುದಿಲ್ಲ.

ಈ ಎಲ್ಲ ಎಳೆಗಳು ಒಂದೆಡೆ ಕೂಡಿದ್ದನ್ನು ನೋಡಬೇಕಾದರೆ ನ್ಯೂಯಾರ್ಕ್ ನಗರದಿಂದ ನೂರು ಕಿಲೋಮೀಟರಿನಷ್ಟು ಉತ್ತರದ ಬ್ರೂಸ್ಟರ್ ಎಂಬ ಊರಿಗೆ ಹೋಗಬೇಕು. ಅಲ್ಲಿನ ‘ಗ್ರೀನ್ ಚಿಮ್ನೀಸ್’ 1947ರಲ್ಲಿ ಹುಟ್ಟಿದ್ದು ಒಂದು ವಸತಿ ಶಾಲೆಯಾಗಿ. 19 ವರ್ಷದ ಸ್ಯಾಮ್ಯುಯೆಲ್ ರಾಸ್ ತನ್ನ ವೈದ್ಯ ತಂದೆಯ ನೆರವಿನಿಂದ 75 ಎಕರೆಯ ಹೈನು ಜಮೀನು ಕೊಂಡು, ದನಕರುಗಳ ನಡುವೆ ಪುಟ್ಟ ಮಕ್ಕಳು ಕಲಿಯಲಿ ಎಂದು ಶಾಲೆ ತೆರೆದ. 1970ರ ದಶಕದಲ್ಲಿ ಅದು ರೂಪ ಬದಲಿಸಿತು. ನಗರದಿಂದ ಹೊಡೆತ, ಅನಾದರ, ಮನೆಯೊಡಕುಗಳಿಂದ ಜರ್ಜರಿತರಾದ ಮಕ್ಕಳು ಬರತೊಡಗಿದರು. ಕೊಟ್ಟಿಗೆ ಆಗಲೇ ಸಿದ್ಧವಾಗಿತ್ತು. ಪ್ರಾಣಿಗಳನ್ನು ಚಿಕಿತ್ಸೆಗೆಂದು ತಂದದ್ದಲ್ಲ, ಅವು ಮೊದಲಿನಿಂದಲೂ ಅಲ್ಲಿದ್ದವು ಎಂಬುದೇ ಈ ಸಂಸ್ಥೆಯ ಸೊಗಸು.

ಅಲ್ಲಿ ಮೇಕೆ, ಕುರಿ, ಕುದುರೆ, ಕತ್ತೆ, ಕೋಳಿಗಳಿವೆ. ಮಕ್ಕಳು ಮೇವು ಹಾಕುತ್ತಾರೆ, ಸೆಗಣಿ ಬಾಚುತ್ತಾರೆ, ತೋಟದಲ್ಲಿ ಕಾಯಿಪಲ್ಲೆ ಬೆಳೆಯುತ್ತಾರೆ. ಗಾಯಗೊಂಡ ಹದ್ದು, ಗಿಡುಗ, ಗೂಬೆಗಳನ್ನು ತಂದು ಆರೈಕೆ ಮಾಡುವ ವಿಭಾಗವೂ ಇದೆ. ರೆಕ್ಕೆ ಮುರಿದ ಹಕ್ಕಿ ಗುಣವಾಗುವವರೆಗೆ ನೋಡಿಕೊಂಡ ಮಕ್ಕಳು ಅದನ್ನು ಆಕಾಶಕ್ಕೆ ಬಿಡುವ ದಿನ ಸುತ್ತ ನೆರೆದಿರುತ್ತಾರೆ. ಎಲ್ಲ ಹಕ್ಕಿಗಳೂ ಹಾರುವುದಿಲ್ಲ. ಹಾರಲಾಗದವು ಅಲ್ಲಿಯೇ ಉಳಿಯುತ್ತವೆ, ಅವಕ್ಕೂ ಆಹಾರ ಸಿಗುತ್ತದೆ, ಹೆಸರಿರುತ್ತದೆ. ಮುರಿದದ್ದನ್ನು ಎಸೆದುಬಿಡುವುದಿಲ್ಲ ಎಂಬುದನ್ನು ಮಗುವಿಗೆ ಯಾರೂ ಬಾಯಲ್ಲಿ ಹೇಳಬೇಕಾಗಿಲ್ಲ. ರಾಸ್ 2018ರಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟಕ್ಕೂ ಆಗುವುದೇನು? ಪೆಟ್ಟು ತಿಂದು ಬೆಳೆದ ಮಗು ಎದುರಿನವರ ಮುಖ ನೋಡುವ ಮೊದಲು ಕೈ ನೋಡುತ್ತದೆ. ಬಾಗಿಲು ಸದ್ದಾದರೆ ಬೆಚ್ಚುತ್ತದೆ. ಮೈ ಸದಾ ಓಡಲು ಅಥವಾ ಹೊಡೆಯಲು ತಯಾರಾಗಿರುತ್ತದೆ. ಮೇಕೆಯ ಹತ್ತಿರ ಹೋಗಬೇಕಾದರೆ ಹಾಗಿದ್ದರೆ ನಡೆಯುವುದಿಲ್ಲ. ಗಡಿಬಿಡಿ ಮಾಡಿದರೆ ಅದು ಓಡಿಹೋಗುತ್ತದೆ. ಮಗು ತನ್ನ ದನಿ ತಗ್ಗಿಸಬೇಕು, ಕೈ ನಿಧಾನಿಸಬೇಕು. ಇಲ್ಲಿ ಹೆದರುವ ಜೀವ ತಾನಲ್ಲ, ತನ್ನಿಂದ ಇನ್ನೊಂದು ಜೀವ ಹೆದರಬಹುದು ಎಂಬುದು ಅವನಿಗೆ ಹೊಸ ಅರಿವು. ತೋಟದ ಪಾಠ ಬೇರೆ. ನಿನ್ನೆ ಹಾಕಿದ ಬೀಜ ಇಂದು ಮೊಳೆಯುವುದಿಲ್ಲ. ನಾಳೆ ಎಂಬುದನ್ನೇ ನಂಬದ ಮಗುವಿಗೆ ಹತ್ತು ದಿನ ಕಾಯುವುದು ಸಣ್ಣ ಕೆಲಸವಲ್ಲ. ಮತ್ತೆ, ಪಕ್ಕದ ಪಾತಿಯಲ್ಲಿ ಕುಳಿತು ಕಳೆ ಕೀಳುವ ಹಿರಿಯರೊಂದಿಗೆ ಮಾತು ಸಲೀಸು. ಇಬ್ಬರ ಕಣ್ಣೂ ಮಣ್ಣಿನ ಮೇಲಿರುತ್ತದಲ್ಲ! ಎದುರುಬದುರು ಕುರ್ಚಿ ಹಾಕಿಕೊಂಡರೆ ಬಾಯಿ ಬಿಡದವರು ಹೀಗೆ ಬಿಡುವುದುಂಟು.

ಯುರೋಪಿನ ಸಂಶೋಧಕರು ಇದರ ಒಂದು ಭಾಗವನ್ನು ಅಳೆದು ನೋಡಿದ್ದಾರೆ. ಯಾರ ಮೇಲೂ ಗಟ್ಟಿ ನಂಬಿಕೆ ಬೆಳೆಯದ, 7ರಿಂದ 11 ವರ್ಷದ ಹುಡುಗರಿಗೆ ಅಪರಿಚಿತರ ಮುಂದೆ ಕಥೆ ಹೇಳುವ, ಲೆಕ್ಕ ಮಾಡುವ ಪರೀಕ್ಷೆ ಒಡ್ಡಿದರು. ಕೆಲವರ ಪಕ್ಕ ನಾಯಿ, ಕೆಲವರ ಪಕ್ಕ ಸ್ನೇಹಮಯಿ ವ್ಯಕ್ತಿ, ಕೆಲವರ ಪಕ್ಕ ಬಟ್ಟೆಯ ನಾಯಿ. ಎಂಜಲಿನಲ್ಲಿ ಕಾಣುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕಡಿಮೆ ಏರಿದ್ದು ನಿಜವಾದ ನಾಯಿ ಜೊತೆಗಿದ್ದವರಲ್ಲಿ. ಹೆಚ್ಚು ಮುಟ್ಟಿ ಸವರಿದವರಲ್ಲಿ ಇನ್ನೂ ಕಡಿಮೆ.

ಹಾಗೆಂದು ಇದನ್ನು ರಾಮಬಾಣ ಎಂದು ಮಾರುವವರ ಬಗ್ಗೆ ಎಚ್ಚರ ಅಗತ್ಯ. ಈ ವಿಷಯದ ಅಧ್ಯಯನಗಳಲ್ಲಿ ಬಹುಪಾಲು ಸಣ್ಣವು. ಆಘಾತಕ್ಕೊಳಗಾದ ಮಕ್ಕಳಿಗೆಂದೇ ರೂಪಿಸಿದ ಮನೋಚಿಕಿತ್ಸೆಗೆ ಇರುವಷ್ಟು ಗಟ್ಟಿ ಪುರಾವೆ ತೋಟಕ್ಕೂ ಇಲ್ಲ, ನಾಯಿಗೂ ಇಲ್ಲ. ಅವು ಆ ಚಿಕಿತ್ಸೆಗೆ ಬಾಗಿಲು ತೆರೆಯಬಲ್ಲವು, ಅದರ ಜಾಗ ತುಂಬಲಾರವು. ನೋವುಂಡ ಮಕ್ಕಳಲ್ಲಿ ಕೆಲವರು ಕೈಗೆ ಸಿಕ್ಕ ಪ್ರಾಣಿಗೆ ನೋವು ಮಾಡುವುದೂ ಉಂಟು. ಆದ್ದರಿಂದ ಬಲ್ಲವರು ಪಕ್ಕದಲ್ಲಿರದೆ ಮಗುವಿನ ಕೈಗೆ ಮರಿಯನ್ನು ಕೊಡುವಂತಿಲ್ಲ; ಮಗುವಿನ ಹಿತಕ್ಕೂ, ಮರಿಯ ಹಿತಕ್ಕೂ.

ಆ ಪಕ್ಕದಲ್ಲಿರುವ ಮನುಷ್ಯನ ಬೆಲೆ ಎಷ್ಟು ಎಂಬುದಕ್ಕೆ ಹವಾಯಿಯ ಕವಾಯಿ ದ್ವೀಪದ ಅಧ್ಯಯನ ಸಾಕ್ಷಿ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮನೋರೋಗದಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಪಾಲು ನೆಟ್ಟಗೆ ಬದುಕು ಕಟ್ಟಿಕೊಂಡಿದ್ದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ ಎಂದರೆ ಅವರನ್ನು ಒಪ್ಪಿಕೊಂಡ, ಬಿಟ್ಟುಹೋಗದ ಒಬ್ಬ ಹಿರಿಯ ವ್ಯಕ್ತಿ. ಅಜ್ಜಿಯೋ, ಚಿಕ್ಕಮ್ಮನೋ, ಮೇಷ್ಟರೋ, ನೆರೆಮನೆಯವರೋ, ಯಾರಾದರೂ ಸರಿ. ಭಾರತದಲ್ಲಿ ಪೋಕ್ಸೊ ನಿಯಮಗಳು ಮೊಕದ್ದಮೆಯ ಉದ್ದಕ್ಕೂ ಮಗುವಿನ ಜೊತೆಗಿರಲು ‘ಬೆಂಬಲ ವ್ಯಕ್ತಿ’ಯೊಬ್ಬರನ್ನು ನೇಮಿಸಲು ಅವಕಾಶ ಮಾಡಿರುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ.

ಬ್ರೂಸ್ಟರ್‌ನ ಪಕ್ಕದ ಜಿಲ್ಲೆಯ ಪೊಕಿಪ್ಸಿ ಊರಿನ ಕೋರ್ಟಿನಲ್ಲಿ 2011ರ ಜೂನ್‌ನಲ್ಲಿ ಅತ್ಯಾಚಾರದ ಮೊಕದ್ದಮೆಯೊಂದರ ವಿಚಾರಣೆ ನಡೆಯಿತು. ಸಾಕ್ಷಿ ಹೇಳಬೇಕಾದವಳು 15 ವರ್ಷದ ಹುಡುಗಿ. ಸಾಕ್ಷಿಕಟ್ಟೆಯಲ್ಲಿ ಅವಳ ಕಾಲ ಬಳಿ ರೋಸಿ ಎಂಬ ಗೋಲ್ಡನ್ ರಿಟ್ರೀವರ್ ನಾಯಿ ಮಲಗಿತ್ತು. ಅದಕ್ಕೆ ಈ ಕೆಲಸದಲ್ಲಿ ತರಬೇತಿ ಆಗಿತ್ತು. ಹುಡುಗಿಯ ಮಾತು ತಡೆದಾಗ ಅದು ಅವಳಿಗೆ ಒರಗುತ್ತಿತ್ತು, ಅವಳು ಸವರುತ್ತಿದ್ದಳು. ಆರೋಪಿಗೆ ಶಿಕ್ಷೆಯಾಯಿತು. ನಾಯಿಯನ್ನು ಕಂಡು ಜ್ಯೂರಿಗಳ ಮನ ಕರಗಿತು, ನ್ಯಾಯ ಕೆಟ್ಟಿತು ಎಂದು ಅವನ ವಕೀಲರು ಮೇಲ್ಮನವಿ ಹೋದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು.